99% ಅಕ್ಯುರಸಿ ಯಾರಿಗೆ ಬೇಕು?

ಪ್ರಾಜೆಕ್ಟ್ ಪ್ರದರ್ಶನ ಅಂದರೆ ಒಂದಾದರೂ ಪೋಸ್ಟರ್ ಇದ್ದೇ ಇರುತ್ತೆ: ‘ಸಿಟಿ ಸ್ಕ್ಯಾನ್‌ನಲ್ಲಿ ಲಿವರ್ ಗಡ್ಡೆ ಪತ್ತೆ’. ಕೆಳಗೆ ದಪ್ಪ ಅಕ್ಷರದಲ್ಲಿ ‘ಅಕ್ಯುರಸಿ 99%’. ಈ ಸಲ ಮಿನಿ ಪ್ರಾಜೆಕ್ಟಿಗೆ ನಾವೂ ಅದನ್ನೇ ಹಿಡಿದೆವು. ಕೋಡ್ ಓಡಿತು, ನಂಬರ್ ಬಂತು, ಖುಷಿನೂ ಆಯ್ತು. ಆಮೇಲೆ ಪೆನ್ನು ಹಿಡಿದು ಲೆಕ್ಕ ಹಾಕಿದಾಗ ನಮಗೇ ನಾಚಿಕೆ ಆಯ್ತು.

ಲೆಕ್ಕ ಸರಳ. ಸಿಟಿಯ ಒಂದು ಚಿತ್ರ ಅಂದರೆ 512×512, ಅಂದರೆ 2,62,144 ಪಿಕ್ಸೆಲ್. ಒಂದು ಪಿಕ್ಸೆಲ್ 0.7 ಮಿ.ಮೀ. ಅಂತ ಹಿಡಿದರೆ, 1 ಸೆಂ.ಮೀ. ಗಂಟು ಬರೀ 160 ಪಿಕ್ಸೆಲ್ ಆಗುತ್ತೆ. ‘ಇಲ್ಲಿ ಏನೂ ಇಲ್ಲ’ ಅಂತ ಕಣ್ಣು ಮುಚ್ಚಿ ಹೇಳೋ ಪ್ರೋಗ್ರಾಮಿಗೂ 99.9% ಅಕ್ಯುರಸಿ ಸಿಗುತ್ತೆ. ರೋಗಿಯ ಗಂಟು ಮಾತ್ರ ಹೊಟ್ಟೆಯಲ್ಲೇ ಉಳಿಯುತ್ತೆ.

ಈ ಲೆಕ್ಕ ಆದ ಮೇಲೆ ನಾವು ಸಿಟಿ ಬಗ್ಗೆ ಓದೋಕೆ ಶುರು ಮಾಡಿದೆವು. 1971ರಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಮಾಡಿದ ಯಂತ್ರ ಕಟ್ಟಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಡಾಕ್ಟರ್ ಅಲ್ಲ, ನಮ್ಮಂಗೆ ಎಂಜಿನಿಯರ್. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು. ಸಿಟಿಯಲ್ಲಿ ಸಾಂದ್ರತೆ ಅಳೆಯೋ ಮಾಪಕಕ್ಕೆ ಅವರದೇ ಹೆಸರು. ಗಾಳಿ -1000, ನೀರು 0, ಲಿವರ್ ಸುಮಾರು 50ರಿಂದ 60. ತೊಂದರೆ ಏನಂದ್ರೆ ಗಡ್ಡೆಯ ನಂಬರೂ ಬಹಳ ಸಲ ಲಿವರಿನ ಹತ್ತಿರವೇ ಇರುತ್ತೆ. ಸುಮ್ಮನೆ ಫೋಟೋ ತೆಗೆದರೆ ಕಾಣೋದೇ ಇಲ್ಲ.

ಅದಕ್ಕೇ ಕಾಂಟ್ರಾಸ್ಟ್ ಔಷಧಿ ಚುಚ್ಚಿ, ಬೇರೆ ಬೇರೆ ಹೊತ್ತಿನಲ್ಲಿ ಸ್ಕ್ಯಾನ್ ಮಾಡ್ತಾರೆ. ತಿಕೋಟಾದ ದ್ರಾಕ್ಷಿ ತೋಟ ನೆನಪಿಸಿಕೊಳ್ಳಿ. ಡ್ರಿಪ್ಪಿನಲ್ಲಿ ಗೊಬ್ಬರ ಬಿಟ್ಟರೆ ಯಾವ ಸಾಲಿಗೆ ಮೊದಲು ಮುಟ್ಟಿತು ಅನ್ನೋದರ ಮೇಲೆ ಪೈಪು ಎಲ್ಲಿಂದ ಬಂದಿದೆ ಅಂತ ಗೊತ್ತಾಗುತ್ತೆ. ಹಂಗೇ ಇದು. ಲಿವರಿಗೆ ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯಿಂದ ಬರೋ ಪೋರ್ಟಲ್ ರಕ್ತನಾಳದಿಂದ, ಕಾಲು ಪಾಲು ಅಪಧಮನಿಯಿಂದ. ಲಿವರಿನಲ್ಲೇ ಹುಟ್ಟೋ ಕ್ಯಾನ್ಸರ್ ಹೆಚ್ಚಾಗಿ ಅಪಧಮನಿಯಿಂದಲೇ ರಕ್ತ ಎಳೆಯುತ್ತೆ. ಹಂಗಾಗಿ ಸುಮಾರು 30-35 ಸೆಕೆಂಡಿಗೆ ಅದು ಬೆಳ್ಳಗೆ ಹೊಳೆಯುತ್ತೆ, ನಿಮಿಷ ದಾಟಿದ ಮೇಲೆ ಸುತ್ತಲಿನ ಲಿವರಿಗಿಂತ ಕಪ್ಪಾಗುತ್ತೆ. ಆ ಹೊತ್ತು ತಪ್ಪಿದರೆ ಯಾವ ಮಾಡೆಲ್ ತಂದ್ರೂ ಅಷ್ಟೇ. ಚಿತ್ರದಲ್ಲಿ ಇಲ್ಲದ್ದನ್ನ ಕೋಡ್ ಹುಡುಕಲ್ಲ.

ಇನ್ನು ಡೇಟಾ ವಿಷಯ. ನಾವೆಲ್ಲ ಡೌನ್‌ಲೋಡ್ ಮಾಡೋ ಲಿಟ್ಸ್ ಅನ್ನೋ ಸಂಗ್ರಹ 2017ರ ಸ್ಪರ್ಧೆಗೆ ಮಾಡಿದ್ದು. ಒಟ್ಟು 201 ಸ್ಕ್ಯಾನ್. ಜರ್ಮನಿ, ನೆದರ್‌ಲ್ಯಾಂಡ್ಸ್, ಕೆನಡಾ, ಇಸ್ರೇಲ್, ಫ್ರಾನ್ಸ್‌ನವು. ಒಳ್ಳೆ ಕೆಲಸ, ತಕರಾರಿಲ್ಲ. ಆದರೆ ಅದು ಕ್ಯಾನ್ಸರ್ ಗಡ್ಡೆಗಳಿಗಾಗಿ ಮಾಡಿದ್ದು. ನಮ್ಮ ದೇಶದಲ್ಲಿ ಲಿವರಿನಲ್ಲಿ ಕಲೆ ಕಂಡರೆ ಅದು ಅಮೀಬಾದಿಂದಾದ ಕೀವಿನ ಗುಳ್ಳೆನೂ ಇರಬಹುದು, ನಾಯಿ-ಕುರಿಗಳ ನಡುವೆ ಸುತ್ತೋ ಹುಳದಿಂದ ಬರುವ ಹೈಡಾಟಿಡ್ ಗುಳ್ಳೆನೂ ಇರಬಹುದು. ಕುರಿ ಹಿಂಡು ಓಡಾಡೋ ಈ ಜಿಲ್ಲೆಯಲ್ಲಿ ಇದನ್ನ ಮರೆಯೋ ಹಂಗಿಲ್ಲ. ಇವನ್ನ ನೋಡೇ ಇಲ್ಲದ ಮಾಡೆಲ್ ಕೀವನ್ನ ಕ್ಯಾನ್ಸರ್ ಅಂದರೆ, ಆ ಮನೆಯ ಗತಿ ಏನು?

ನಮ್ಮಲ್ಲೊಬ್ಬನ ಕಾಕಾಗೆ ಪ್ರಾಜೆಕ್ಟ್ ವಿವರಿಸಿದಾಗ ಅವರು ಅಂದದ್ದು: “ಮಷೀನ್ ಗಂಟು ಹುಡಕತೈತಿ ಖರೇ ತಮ್ಮಾ. ಆದ್ರ ಬಬಲೇಶ್ವರದಿಂದ ವಿಜಾಪುರಕ್ಕ ಬರಾಕ ಒಂದು ದಿನದ ಕೂಲಿ ಬಿಡಬೇಕಲ್ಲ, ಅದಕ್ಕೇನ್ ಮಾಡ್ತೀರಿ?” ನಮ್ಮ ಹತ್ರ ಉತ್ತರ ಇರಲಿಲ್ಲ. ಕಾಮಣಿ ಆದರೆ ಮೊದಲು ಗಿಡಮೂಲಿಕೆ, ಹೊಟ್ಟೆ ನೋವಿಗೆ ಗುಳಿಗೆ, ಕೊನೆಗೆ ಸ್ಕ್ಯಾನ್. ಹಾಗಂತ ಎಲ್ಲರಿಗೂ ಸಿಟಿ ಬೇಕಿಲ್ಲ, ಅದರಲ್ಲಿ ವಿಕಿರಣ ಇದೆ. ಹೆಪಟೈಟಿಸ್ ಬಿ ಇದ್ದು ಅಪಾಯ ಹೆಚ್ಚಿರುವವರು, ಲಿವರ್ ಗಟ್ಟಿಯಾದವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿದರೆ, ಸಂಶಯ ಬಂದಾಗ ಸಿಟಿಗೆ ಹೋಗಬಹುದು.

ಹಂಗಾದ್ರೆ ನಾವು ಪ್ರಾಜೆಕ್ಟ್ ಬಿಡಬೇಕಾ? ಇಲ್ಲ. ವಿಜಯಪುರದಲ್ಲೇ ಬಿಎಲ್‌ಡಿಇ, ಅಲ್-ಅಮೀನ್ ಅಂತ ಎರಡು ಮೆಡಿಕಲ್ ಕಾಲೇಜು ಇವೆ. ಕೋಡ್ ಬರೆಯೋ ಮೊದಲು ಒಬ್ಬ ರೇಡಿಯಾಲಜಿ ಡಾಕ್ಟರನ್ನ ಕೇಳೋಣ: ನಿಮಗೆ ನಿಜವಾಗಿ ಏನು ಬೇಕು? ನೈತಿಕ ಸಮಿತಿಯ ಅನುಮತಿ ಪಡೆದು, ಹೆಸರು ತೆಗೆದ ನಮ್ಮ ಜಿಲ್ಲೆಯ ಸ್ಕ್ಯಾನ್‌ಗಳ ಮೇಲೆ ಮಾಡೆಲ್ ಪರೀಕ್ಷೆ ಮಾಡೋಣ. ಪೋಸ್ಟರ್ ಮೇಲೆ ಅಕ್ಯುರಸಿ ಬದಲು ‘ಎಷ್ಟು ಗಂಟು ತಪ್ಪಿದೆವು’ ಅಂತ ಬರೆಯೋಣ.

ಅದಕ್ಕಿಂತ ಸಣ್ಣ ಕೆಲಸ ಒಂದಿದೆ, ಈ ಸಂಘಕ್ಕೇ ಒಪ್ಪುವಂಥದ್ದು. ಸ್ಕ್ಯಾನ್ ಹೊತ್ತಲ್ಲಿ ಉಸಿರಾಡಿದರೆ ಲಿವರ್ ಮೇಲೆ-ಕೆಳಗೆ ಸರಿಯುತ್ತೆ, ಸಣ್ಣ ಗಂಟು ಮಸುಕಾಗುತ್ತೆ. ಭಾಷೆ ತಿಳಿಯದ ಅಜ್ಜಿ ಉಸಿರು ಯಾವಾಗ ಹಿಡೀಬೇಕು? “ಉಸರ ಜಗ್ಗಿ ಹಿಡೀರಿ… ಈಗ ಬಿಡ್ರಿ” ಅಂತ ನಮ್ಮ ಕಡೆ ಮಾತಲ್ಲಿ ರೆಕಾರ್ಡ್ ಮಾಡಿಕೊಡೋಕೆ ಜಿಪಿಯು ಬೇಕಿಲ್ಲ. ಮುಂದಿನ ಪ್ರಾಜೆಕ್ಟ್ ಅಲ್ಲಿಂದಲೇ ಶುರು ಮಾಡೋಣ ಅಂತಿದ್ದೇವೆ. ಯಾರ‍್ಯಾರು ಬರ್ತೀರಿ?