ಬಾಗಿದ ಕೊರಳು, ಎತ್ತಬೇಕಾದ ಅಂಗೈ

ಗುರುಹಿರಿಯರ ಮುಂದೆ ತಲೆಬಾಗುವುದು ನಮಗೆ ಬಾಲ್ಯದಿಂದ ಬಂದ ಸಂಸ್ಕಾರ. ಆದರೆ ಇಂದು ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ, ರಾಯಬಾಗದ ರೈಲು ನಿಲ್ದಾಣದಲ್ಲಿ, ಕಾಗವಾಡದ ಚಹಾದಂಗಡಿಗಳಲ್ಲಿ, ಕಡೆಗೆ ಮಠದ ದಾಸೋಹದ ಸಾಲಿನಲ್ಲಿಯೂ ಕಾಣುವ ಬಾಗಿದ ತಲೆಗಳಿಗೆ ವಿನಯ ಕಾರಣವಲ್ಲ, ಅಂಗೈಯಲ್ಲಿರುವ ಮೊಬೈಲ್ ಕಾರಣ. ಕುತ್ತಿಗೆ ನೋವು, ಹೆಗಲ ಬಿಗಿತವೆಂದು ಹೇಳಿಕೊಳ್ಳುವವರಲ್ಲಿ ಈಗ ಹರೆಯದವರೂ ಸೇರಿರುವುದು ನಮ್ಮನ್ನು ಚಿಂತೆಗೀಡುಮಾಡಿದೆ.

ಮನುಷ್ಯನ ತಲೆ ಸುಮಾರು 5 ಕಿಲೋ ತೂಗುತ್ತದೆ. ನೆಟ್ಟಗಿರುವಾಗ ಕುತ್ತಿಗೆಯ 7 ಮೂಳೆಗಳು ಈ ಭಾರವನ್ನು ಸಲೀಸಾಗಿ ಹೊರುತ್ತವೆ. ತಲೆ ಮುಂದಕ್ಕೆ ಬಾಗಿದಂತೆಲ್ಲ ಅದನ್ನು ಹಿಡಿದಿಡಲು ಹಿಂಬದಿಯ ಸ್ನಾಯುಗಳು ಬಿಗಿಯಬೇಕಾಗುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲಿಡುವುದಕ್ಕೂ ಕೈಚಾಚಿ ಹಿಡಿಯುವುದಕ್ಕೂ ಇರುವ ಅಂತರ ಇಲ್ಲಿಯೂ ಇದೆ. 30 ಡಿಗ್ರಿ ಬಾಗಿದರೆ ಕುತ್ತಿಗೆಯ ಮೇಲೆ 18 ಕಿಲೋ, 60 ಡಿಗ್ರಿ ಬಾಗಿದರೆ 27 ಕಿಲೋ ಭಾರ ಬೀಳುತ್ತದೆಂದು ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯೊಂದರಿಂದ ಲೆಕ್ಕಹಾಕಿದರು. ಇದು ಲೆಕ್ಕಾಚಾರವೇ ಹೊರತು ರೋಗಿಗಳಲ್ಲಿ ಅಳೆದದ್ದಲ್ಲ. ಬಾಗಿ ನೋಡುವವರಿಗೆಲ್ಲ ನೋವು ಬಂದೇ ತೀರುತ್ತದೆ ಎಂದೂ ಹೇಳಲಾಗದು. ಗಂಟೆಗಟ್ಟಲೆ ಅಲುಗಾಡದೆ ಬಾಗಿಯೇ ಕುಳಿತಿರುವುದೇ ಮುಖ್ಯ ದೋಷವೆಂಬುದು ನಮ್ಮ ಅಭಿಪ್ರಾಯ.

ಬಾಗಿ ದುಡಿಯುವುದು ನಮ್ಮ ಭಾಗಕ್ಕೆ ಹೊಸದಲ್ಲ. ನಿಪ್ಪಾಣಿಯಲ್ಲಿ ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುವ ತಾಯಂದಿರು, ಅಥಣಿಯಲ್ಲಿ ಚರ್ಮದ ಚಪ್ಪಲಿ ಹೊಲಿಯುವ ಕುಶಲಕರ್ಮಿಗಳು, ಗದ್ದೆಗಳಲ್ಲಿ ಕಬ್ಬು ಕಡಿಯುವವರು ಕಾಯಕಕ್ಕಾಗಿ ಕೊರಳು ಸವೆಸಿದವರು. ಬೀಡಿಯ ಕೂಲಿ ಎಣಿಕೆಯ ಮೇಲೆ. ಕೈ ನಿಂತರೆ ಕೂಲಿಯೂ ನಿಂತಿತು. ಅಂಥವರಿಗೆ ಬಾಗಬೇಡಿರೆಂದು ಉಪದೇಶಿಸುವ ಹಕ್ಕು ನಮಗಿಲ್ಲ. ಆದರೆ ಹಗಲೆಲ್ಲ ದಣಿದ ಅದೇ ಕೊರಳು ರಾತ್ರಿ ಮತ್ತೆರಡು ಗಂಟೆ ಮೊಬೈಲಿಗಾಗಿ ಬಾಗಿದರೆ ಅದಕ್ಕೆ ವಿಶ್ರಾಂತಿ ಯಾವಾಗ? ಕಾಯಕದ ಹೊರೆಯನ್ನು ಇಳಿಸುವುದು ಎಲ್ಲರಿಗೂ ಸಾಧ್ಯವಾಗದಿರಬಹುದು. ವಿರಾಮದ ವೇಳೆ ಹೊರುವ ಹೊರೆಯನ್ನಾದರೂ ಇಳಿಸಬಹುದು.

ಇದಕ್ಕೆ ದಾರಿಯನ್ನು ನಮ್ಮ ನಿತ್ಯಾನುಷ್ಠಾನವೇ ತೋರಿಸುತ್ತದೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ, ಬೆನ್ನು ನೆಟ್ಟಗಿಟ್ಟು, ಕರವನ್ನು ದೃಷ್ಟಿಯತ್ತ ಎತ್ತಿ ಹಿಡಿಯುತ್ತೇವೆ. ಅಲ್ಲಿ ಕರ ಮೇಲೇರುತ್ತದೆಯೇ ಹೊರತು ಕೊರಳು ಕುಸಿಯುವುದಿಲ್ಲ. ಮೊಬೈಲ್ ಪೂಜಾವಸ್ತುವಲ್ಲ, ನಮ್ಮ ಹೋಲಿಕೆ ಕುಳಿತುಕೊಳ್ಳುವ ಭಂಗಿಗೆ ಮಾತ್ರ ಸಲ್ಲುವುದು. ಮೊಬೈಲನ್ನು ಮುಖದ ಮಟ್ಟಕ್ಕೆ ಎತ್ತಿರಿ, ಮೊಳಕೈಗೆ ಮೇಜಿನ ಅಥವಾ ದಿಂಬಿನ ಆಸರೆ ಕೊಡಿರಿ. ಅರ್ಧ ಗಂಟೆಯೊಳಗೆ ಒಮ್ಮೆಯಾದರೂ ಅದನ್ನು ಕೆಳಗಿಟ್ಟು, ಹೆಗಲುಗಳನ್ನು ಹಿಂದಕ್ಕೆ ಹೊರಳಿಸಿ, ಗದ್ದವನ್ನು ಮೆಲ್ಲಗೆ ಒಳಕ್ಕೆಳೆದು, ನಾಲ್ಕು ಹೆಜ್ಜೆ ನಡೆಯಿರಿ. ಬೀಡಿ ಕಟ್ಟುವವರೂ ಚಪ್ಪಲಿ ಹೊಲಿಯುವವರೂ ಕಟ್ಟು ಮುಗಿದಾಗ, ಜೊತೆ ಮುಗಿದಾಗ ಹೀಗೆ ಮಾಡಬಹುದು. ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಬೈಕ್ ಓಡಿಸುವುದು ಕೊರಳಿಗೂ ಕೇಡು, ಪ್ರಾಣಕ್ಕೂ ಕೇಡು.

ನೋವು ಬಂದಾಗ ಕ್ಷೌರದಂಗಡಿಯಲ್ಲಿ ಕುತ್ತಿಗೆಯನ್ನು ಲಟಕ್ಕೆನ್ನುವಂತೆ ತಿರುವಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಇದನ್ನು ಬಿಡಬೇಕು. ಹಠಾತ್ ತಿರುವಿನಿಂದ ಮಿದುಳಿಗೆ ರಕ್ತ ಒಯ್ಯುವ ನಾಳ ಸೀಳಿ ಪಾರ್ಶ್ವವಾಯು ಉಂಟಾದ ಪ್ರಸಂಗಗಳು ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ. ಸಾಮಾನ್ಯ ನೋವು ಬಿಸಿಶಾಖ ಮತ್ತು ಹಗುರ ಚಲನೆಯಿಂದ ಬಹುಮಟ್ಟಿಗೆ ಕೆಲವು ದಿನಗಳಲ್ಲಿ ತಗ್ಗುತ್ತದೆ. ನೋವು ತೋಳಿಗಿಳಿದು ಬೆರಳು ಜೋಮು ಹಿಡಿದರೆ, ಕೈಯ ಹಿಡಿತ ಸಡಿಲವಾದರೆ, ನಡಿಗೆ ತಪ್ಪಿದರೆ, ಮೂತ್ರದ ಹತೋಟಿ ತಪ್ಪಿದರೆ, ಜ್ವರ ತಲೆನೋವಿನೊಡನೆ ಕುತ್ತಿಗೆ ಸೆಟೆದುಕೊಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು ಇಷ್ಟಲಿಂಗಾನುಷ್ಠಾನಕ್ಕೆ ಬಾಳನ್ನು ಮೀಸಲಿಟ್ಟ ನೆಲವಿದು. ಈ ಐದೂ ತಾಲೂಕುಗಳ ಸದ್ಭಕ್ತರಲ್ಲಿ ನಮ್ಮದೊಂದು ವಿನಂತಿ. ಪೂಜೆಯ ಹೊತ್ತು, ಪ್ರಸಾದದ ಹೊತ್ತು, ಮಲಗುವ ಮುನ್ನದ ಒಂದು ತಾಸು ಮೊಬೈಲ್ ಗೋಡೆಯ ಗೂಡಿನಲ್ಲಿರಲಿ. ಮಕ್ಕಳಿಗೆ ಹೇಳುವ ಮೊದಲು ಹಿರಿಯರಾದ ನಾವೇ ಇದನ್ನು ಆಚರಿಸೋಣ. ನಮ್ಮ ಮಕ್ಕಳು ತಲೆ ಬಾಗಿಸುವುದು ಗುರುಹಿರಿಯರಿಗೆ ಶರಣೆನ್ನುವಾಗ; ಉಳಿದ ಹೊತ್ತು ಅವರು ತಲೆಯೆತ್ತಿ ನಡೆಯಲಿ.