ಇಸವಿ ಇಲ್ಲದ ನೋಟೀಸುಗಳು

ಹಳೆಯ ಕಾಗದ ಕೂಡಿಡುವವರನ್ನು ಗೆದ್ದಲಿನ ನೆಂಟರೆಂದು ಮನೆಮಂದಿ ಹಾಸ್ಯಮಾಡುವುದುಂಟು. ಬೆಳ್ತಂಗಡಿಯ ಸಮೀಪ ಉಪಾಧ್ಯಾಯರಾಗಿದ್ದ ನನ್ನ ತಂದೆಯವರೂ ಈ ಹಾಸ್ಯಕ್ಕೆ ಗುರಿಯಾದವರೇ. ಅವರು ಸಂಗ್ರಹಿಸಿದ್ದು ಯಕ್ಷಗಾನದ ಆಟದ ನೋಟೀಸುಗಳನ್ನು. ಬಂಟವಾಳದ ಹಳೆಮನೆಯನ್ನು ತೆರವು ಮಾಡುವಾಗ ಆ ತಗಡಿನ ಪೆಟ್ಟಿಗೆ ನನ್ನ ಪಾಲಿಗೆ ಬಂತು. 1974ರ ನೆರೆಯಲ್ಲಿ ನೇತ್ರಾವತಿ ಮನೆಯೊಳಗೆ ಹೊಕ್ಕದ್ದರಿಂದ ಅದಕ್ಕೂ ಹಿಂದಿನದು ಒಂದೂ ಉಳಿದಿಲ್ಲ.

ದೀಪಾವಳಿ ಕಳೆದು ಮೇಳಗಳು ಹೊರಟವೆಂದರೆ, ಪತ್ತನಾಜೆಯವರೆಗೂ ಮೈಕು ಕಟ್ಟಿದ ಕಾರುಗಳು ಊರೂರಲ್ಲಿ ಈ ಬಣ್ಣದ ಹಾಳೆಗಳನ್ನು ಚೆಲ್ಲುತ್ತ ಸಾಗುತ್ತಿದ್ದುವು. ಮೂಡಬಿದಿರೆಯ ಅಜ್ಜಿಮನೆಯಲ್ಲಿ ನಾವು ಮಕ್ಕಳು ಧೂಳಿನಲ್ಲಿ ಓಡಿ ಅವನ್ನು ಆಯ್ದು, ಯಾರಲ್ಲಿ ಹೆಚ್ಚೆಂದು ಜಗಳವಾಡುತ್ತಿದ್ದೆವು. ಪ್ರಸಂಗದ ಹೆಸರು, ನೆಲ-ಕುರ್ಚಿಗಳ ದರ, ಬಳಿಕ ಕಲಾವಿದರ ಸಾಲು: ಧರ್ಮಸ್ಥಳ ಮೇಳದ್ದಾದರೆ ಕಡತೋಕಾ ಮಂಜುನಾಥ ಭಾಗವತರು, ಪುತ್ತೂರು ನಾರಾಯಣ ಹೆಗ್ಡೆಯವರು, ಕುಂಬಳೆ ಸುಂದರ ರಾಯರು, ಸುರತ್ಕಲ್ ಮೇಳದ್ದಾದರೆ ಶೇಣಿ ಗೋಪಾಲಕೃಷ್ಣ ಭಟ್ಟರು.

ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಚೀಟಿಗಳನ್ನು ತಂದೆಮಕ್ಕಳು ಕೂಡಿ ಸಂಗ್ರಹಿಸುತ್ತಾರೆ. ಅನೇಕ ಚೀಟಿಗಳ ಬೆನ್ನಿನಲ್ಲಿ ಆಟಗಾರನ ಸಾಧನೆಯ ಲೆಕ್ಕ ವರ್ಷವಾರು ಅಚ್ಚಾಗಿರುತ್ತದೆ. ನಮ್ಮ ಪೆಟ್ಟಿಗೆಯ ಹೆಚ್ಚಿನ ನೋಟೀಸುಗಳಲ್ಲಿ ತಾರೀಖು ಉಂಟು, ವಾರ ಉಂಟು, ಇಸವಿಯೊಂದೇ ಇಲ್ಲ. ನಾಳೆ ರಾತ್ರಿಯ ಆಟಕ್ಕೆ ಇಸವಿ ಯಾರಿಗೆ ಬೇಕು!

"ಫೆಬ್ರವರಿ 12, ಶನಿವಾರ" ಎಂದಿದ್ದ ನೋಟೀಸೊಂದನ್ನು ತರಗತಿಗೆ ಒಯ್ದೆ. ಕಲಾವಿದರ ಹೆಸರಿನ ಭಾಗವನ್ನು ಇಲಿ ತಿಂದಿತ್ತು. ವಿದ್ಯಾರ್ಥಿಗಳು ಲೆಕ್ಕಹಾಕಿ 1977, 1983, 1994 ಮೂರೂ ಸಲ್ಲುತ್ತವೆಂದರು. ಹಾಳೆಯನ್ನು ಮಗುಚಿದೆ. ಬೆನ್ನಿನಲ್ಲಿ ತಂದೆಯವರ ಪೆನ್ಸಿಲ್ ಅಕ್ಷರ: "1983. ಮಗುವಿಗೆ ಜ್ವರ. ಹೋಗಲಿಲ್ಲ."

ಆ ಮಗು ನಾನು. ನೋಡದ ಆಟದ ನೋಟೀಸನ್ನೂ ಅವರೇಕೆ ಕಾದಿಟ್ಟರೆಂದು ಕೇಳಲು ಈಗ ಅವರಿಲ್ಲ.

ಹಳೆಯ ನೋಟೀಸುಗಳ ಮುಂಭಾಗವನ್ನಷ್ಟೇ ಮೊಬೈಲಿನಲ್ಲಿ ಸೆರೆಹಿಡಿದು, ಕಾಗದವನ್ನು ಗುಜರಿಗೆ ಹಾಕುವವರನ್ನು ನಾನು ಬಲ್ಲೆ. ಇದು ಅವಿವೇಕ. ಮುಂಭಾಗ ಮೇಳದ್ದು, ಅಂಥದೇ ಪ್ರತಿ ಬೇರೆಲ್ಲಾದರೂ ದೊರೆತೀತು. ಹಿಂಭಾಗ ಮನೆಯದು. ಸಂಗ್ರಹಾಲಯಕ್ಕೆ ಕೊಡುವುದಾದರೂ ಬಲ್ಲವರಿಂದ ಇಸವಿ ಕೇಳಿ ಬರೆದು ಕೊಡಬೇಕೆಂದು ವಾಚಕರಲ್ಲಿ ನನ್ನ ಬಿನ್ನಹ. ಬಲ್ಲವರು ವರ್ಷವರ್ಷವೂ ಕಡಿಮೆಯಾಗುತ್ತಿದ್ದಾರೆ.

ನನ್ನ ಪೆಟ್ಟಿಗೆಯಲ್ಲಿ ಬೆನ್ನು ಬರಿದಾದವು ಇನ್ನೂ ನಲವತ್ತೊಂದಿವೆ. ಭಾನುವಾರಗಳಂದು ಅವನ್ನು ತಾಯಿಯವರ ಮುಂದೆ ಒಂದೊಂದಾಗಿ ಇಡುತ್ತಿದ್ದೇನೆ. ಅವರಿಗೆ ಕಣ್ಣು ಮಂಜು. ಪ್ರಸಂಗದ ಹೆಸರನ್ನು ನಾನೇ ಓದಬೇಕು. ಕಳೆದ ವಾರ ಒಂದಕ್ಕೆ ತಟ್ಟನೆ, "ಇದು ನಿನ್ನ ಸೋದರಮಾವನ ಮದುವೆಯ ವರ್ಷದ್ದು" ಎಂದರು. ಪೆನ್ಸಿಲ್ ತೆಗೆದು ಬರೆದುಕೊಂಡೆ.