ಮೊದಲು ಮಾರಾಟ, ಆಮೇಲೆ ಪರೀಕ್ಷೆ

ಗರ್ಭಕೋಶದ ಒಳಪದರವನ್ನು ಸಣ್ಣ ನಳಿಕೆಯಿಂದ ಕೆರೆದರೆ ಭ್ರೂಣ ಚೆನ್ನಾಗಿ ಅಂಟಿಕೊಳ್ಳುತ್ತದೆ ಎಂದು 2003ರಲ್ಲಿ ಒಂದು ಸಣ್ಣ ಅಧ್ಯಯನ ಹೇಳಿತು. ಅಷ್ಟೇ ಸಾಕಾಯಿತು, ಐವಿಎಫ್ ಕ್ಲಿನಿಕ್‌ಗಳ ಬಿಲ್ಲಿನಲ್ಲಿ ‘ಸ್ಕ್ರ್ಯಾಚಿಂಗ್’ ಸೇರಿಕೊಂಡಿತು. ಐದು ದೇಶಗಳ 1,364 ಮಹಿಳೆಯರನ್ನು ಒಳಗೊಂಡ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದದ್ದು 2019ರಲ್ಲಿ. ಕೆರೆಸಿಕೊಂಡವರಲ್ಲೂ ಶೇ 26.1 ಹೆರಿಗೆ, ಕೆರೆಸಿಕೊಳ್ಳದವರಲ್ಲೂ ಶೇ 26.1! ಹೀಗೆ ಮೊದಲು ಮಾರಿ ಆಮೇಲೆ ಪರೀಕ್ಷಿಸುವ ಸಂತಾನ ಚಿಕಿತ್ಸೆಯ ತಂತ್ರಜ್ಞಾನ ಪ್ರಜನನ ವೈದ್ಯಶಾಸ್ತ್ರವನ್ನು ತಲೆಕೆಳಗು ಮಾಡಿದೆ. ಅದನ್ನು ಸುಮ್ಮನೆ ನೋಡುತ್ತ ಕುಳಿತದ್ದು ವೈದ್ಯಕೀಯ ಕಾಲೇಜುಗಳ ಅಪರಾಧ.

ಇಕ್ಸಿಯ ಕಥೆ ಇನ್ನೂ ಕಹಿ. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಕ್ಕೆ ಸೇರಿಸುವ ಈ ವಿಧಾನವನ್ನು ಬ್ರಸೆಲ್ಸ್‌ನ ವಿಶ್ವವಿದ್ಯಾಲಯವೊಂದರ ತಂಡ 1992ರಲ್ಲಿ ಪ್ರಕಟಿಸಿತು. ವೀರ್ಯಾಣು ತೀರಾ ಕಡಿಮೆಯಿದ್ದ ಗಂಡಸರಿಗೆ ಅದು ವರವೇ ಸರಿ. ಆದರೆ ಒಂದು ಸಿಕ್ಕರೆ ಸಾಕು ಎಂದಾದ ಮೇಲೆ, ಉಳಿದವು ಯಾಕಿಲ್ಲ ಎಂದು ಕೇಳುವವರು ವಿರಳರಾದರು. ದೋಷ ಗಂಡನದ್ದಾದರೂ ಹಾರ್ಮೋನ್ ಚುಚ್ಚುಮದ್ದು ಹೆಂಡತಿಯ ಮೈಗೇ. ವೀರ್ಯ ಪರೀಕ್ಷೆ ಸರಿಯಿದ್ದವರಿಗೂ ಇಕ್ಸಿ ಮಾಡಿದರೆ ಹೆಚ್ಚು ಮಕ್ಕಳೇನೂ ಹುಟ್ಟುವುದಿಲ್ಲ ಎಂದು ವಿಯೆಟ್ನಾಂನ 1,064 ದಂಪತಿಗಳ ಪ್ರಯೋಗ 2021ರಲ್ಲಿ ತೋರಿಸಿತು. ಆದರೂ ಸೂಜಿ ನಿಂತಿಲ್ಲ.

ಐವಿಎಫ್ ವಿದ್ಯೆಯನ್ನು ನಮ್ಮಲ್ಲಿ ಬೆಳೆಸಿದ್ದು ಖಾಸಗಿ ಬಂಡವಾಳವಲ್ಲ, ಸಾರ್ವಜನಿಕ ಸಂಸ್ಥೆಗಳು. 1986ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಪ್ರನಾಳ ಶಿಶು ಹುಟ್ಟಿದಾಗ ಅದರ ಹಿಂದೆ ಇದ್ದವರು ಡಾ. ಇಂದಿರಾ ಹಿಂದುಜಾ ಮತ್ತು ಐಸಿಎಂಆರ್ ಸಂಸ್ಥೆಯ ವಿಜ್ಞಾನಿ ಟಿ.ಸಿ. ಆನಂದಕುಮಾರ್. ದೇಶಕ್ಕೇ ಮೊದಲಿಗರೆಂಬ ಕೀರ್ತಿ ಅವರಿಗೆ ಸಂದಿತ್ತು. ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಕೂತು ಓದಿ, 1978ರಲ್ಲೇ ಅವರು ಇದನ್ನು ಸಾಧಿಸಿದ್ದರು ಎಂದು 1997ರಲ್ಲಿ ಬರೆದವರು ಇದೇ ಆನಂದಕುಮಾರ್. ತನ್ನ ಕಿರೀಟವನ್ನು ತಾನೇ ಇಳಿಸಿಟ್ಟ ಆ ನಿಷ್ಠುರತೆಗೆ ಈಗಿನ ಜಾಹೀರಾತು ಫಲಕಗಳಲ್ಲಿ ಎಲ್ಲಿದೆ ಜಾಗ? (ಮುಖೋಪಾಧ್ಯಾಯರ ಮಾತನ್ನು ಸರ್ಕಾರಿ ಸಮಿತಿ ತಳ್ಳಿಹಾಕಿತ್ತು, 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.)

ಇಂದು ಹೆಚ್ಚಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಐವಿಎಫ್ ಲ್ಯಾಬ್ ಇಲ್ಲ. ಸ್ನಾತಕೋತ್ತರ ವಿದ್ಯಾರ್ಥಿ ಚೀಟಿ ಬರೆದು ರೋಗಿಯನ್ನು ಹೊರಗೆ ಕಳಿಸುವುದನ್ನಷ್ಟೇ ಕಲಿಯುತ್ತಾನೆ. ಸಂತಾನ ನೆರವು ತಂತ್ರಜ್ಞಾನದ 2021ರ ಕಾಯ್ದೆಯ ಪ್ರಕಾರ ಪ್ರತಿ ಕ್ಲಿನಿಕ್ಕಿನ ಫಲಿತಾಂಶವೂ ರಾಷ್ಟ್ರೀಯ ನೋಂದಣಿಗೆ ಸೇರಬೇಕು. ದಂಪತಿಗಳ ಹೆಸರು ತೆಗೆದು ಆ ಅಂಕಿಗಳನ್ನು ಕಾಲೇಜುಗಳ ಸಂಶೋಧಕರಿಗೆ ತೆರೆಯಲಿ, ಕ್ಲಿನಿಕ್‌ವಾರು ಪ್ರಕಟಿಸಲಿ. ಪರೀಕ್ಷೆಯಲ್ಲಿ ಗೆಲ್ಲದ ‘ಹೆಚ್ಚುವರಿ ಸೇವೆ’ಗೆ ದಂಪತಿಯಿಂದ ಒಂದು ರೂಪಾಯಿಯನ್ನೂ ಪಡೆಯದಂತೆ ಸರ್ಕಾರ ಆದೇಶ ಹೊರಡಿಸಲಿ.